ತಿಳಿನೀರನ್ನು ಕಣ್ಣಿನಿಂದ ಅಳೆಯಬೇಡಿ: ಸುಣ್ಣಕಲ್ಲಿನ ನೆಲದ ಸೆಲೆ, ಬಾವಿ, ಬೋರ್‌ವೆಲ್ ನೀರನ್ನು ಪರೀಕ್ಷಿಸುವ ಬಗೆ

ಮಳೆಗಾಲ ಶುರುವಾದೊಡನೆ ಸೇಡಂ, ಚಿತ್ತಾಪುರ, ಶಹಾಬಾದ್, ವಾಡಿ ಕಡೆಯ ಓದುಗರಿಂದ ಒಂದೇ ಬಗೆಯ ಪ್ರಶ್ನೆ ಬರುತ್ತದೆ. ಲೋಕಾಪುರ, ಮುಧೋಳದವರೂ ಅದನ್ನೇ ಕೇಳುತ್ತಾರೆ. "ನಮ್ಮ ಬಾವಿಯ ನೀರು ಕನ್ನಡಿಯಂತೆ ತಿಳಿಯಾಗಿದೆ. ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿರುವ ಒಟ್ಟು ಲವಣವನ್ನು ಅಂದಾಜು ತೋರಿಸುವ ಸಾಧನ) 400 ತೋರಿಸುತ್ತದೆ. ಕುಡಿಯಬಹುದೇ?"

ಈ ಎರಡು ಸಂಗತಿಗಳನ್ನು ಮಾತ್ರ ನೋಡಿ ಉತ್ತರ ಹೇಳಲು ಯಾವ ನೆಲದಲ್ಲೂ ಆಗುವುದಿಲ್ಲ. ಕಾಲ ಕೆಳಗೆ ಸುಣ್ಣಕಲ್ಲು ಇರುವ ಊರಿನಲ್ಲಂತೂ ಆಗುವುದೇ ಇಲ್ಲ. ಅಲ್ಲಿ ನೀರನ್ನು ಯಾವ ದಿನ ಪರೀಕ್ಷಿಸಿದಿರಿ ಎಂಬುದು, ಏನನ್ನು ಪರೀಕ್ಷಿಸಿದಿರಿ ಎಂಬುದರಷ್ಟೇ ಮುಖ್ಯ. ನಮ್ಮ ಮನೆಯ ಬಾವಿಯ ನೀರನ್ನು ನಾನು ಮೊದಲ ಸಲ ಪರೀಕ್ಷೆಗೆ ಕೊಟ್ಟದ್ದು ಏಪ್ರಿಲ್‌ನಲ್ಲಿ. ವರದಿ ಚೆನ್ನಾಗಿತ್ತು, ನೆಮ್ಮದಿಯಿಂದ ಕುಡಿದೆವು. ಜುಲೈನಲ್ಲಿ ಮನೆಯ ಮಕ್ಕಳಿಬ್ಬರೂ ವಾಂತಿಭೇದಿಯಿಂದ ಮಲಗಿದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿದಾಗ, ಅದೇ ಬಾವಿಯಲ್ಲಿ ಮಲದ ರೋಗಾಣು ಸಿಕ್ಕಿತು. ಆಗ ಕಲಿತದ್ದನ್ನೂ ಆ ಬಳಿಕ ತಿಳಿದುಕೊಂಡದ್ದನ್ನೂ ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಈ ನೆಲದ ಸ್ವಭಾವ

ಮಳೆಹನಿ ಗಾಳಿಯಿಂದ ಸ್ವಲ್ಪ, ಮಣ್ಣಿನೊಳಗಿನಿಂದ ಇನ್ನಷ್ಟು ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಬಹಳ ಮೆದುವಾದ ಆಮ್ಲವಾಗುತ್ತದೆ. ಕುಡಿದರೆ ನಮಗೆ ಗೊತ್ತಾಗದಷ್ಟು ಮೆದು. ಸುಣ್ಣಕಲ್ಲಿಗೆ ಮಾತ್ರ ಅದು ಗೊತ್ತಾಗುತ್ತದೆ. ಲಕ್ಷಾಂತರ ವರ್ಷ ಹೀಗೆ ನೀರು ಹರಿದರೆ ಕೂದಲೆಳೆಯಂಥ ಬಿರುಕು ಬೆರಳು ಹೋಗುವ ಸೀಳಾಗುತ್ತದೆ, ಸೀಳು ಕೊಳವೆಯಾಗುತ್ತದೆ, ಕೆಲವೆಡೆ ಕೊಳವೆಯೇ ಗುಹೆಯಾಗುತ್ತದೆ. ಕರಗಿ ಟೊಳ್ಳಾದ ಇಂಥ ನೆಲವನ್ನು ಭೂವಿಜ್ಞಾನಿಗಳು 'ಕಾರ್ಸ್ಟ್' ಎನ್ನುತ್ತಾರೆ. ಸ್ಲೊವೇನಿಯಾ ಮತ್ತು ಇಟಲಿಯ ಗಡಿಯಲ್ಲಿರುವ ಕ್ರಾಸ್ ಎಂಬ ಪ್ರಸ್ಥಭೂಮಿಯಿಂದ ಬಂದ ಹೆಸರು ಅದು. ನೆರೆಯ ಆಂಧ್ರದ ಬೇಲಂ ಗುಹೆಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀರು ಕಲ್ಲನ್ನು ತಿಂದು ಎಷ್ಟು ಜಾಗ ಮಾಡಿಕೊಳ್ಳಬಲ್ಲದು ಎಂಬುದು ಅಲ್ಲಿ ಕಣ್ಣೆದುರೇ ಇದೆ.

ನಾವು ಮನೆಗೆ ಹಾಸುವ ಶಹಾಬಾದ್ ಕಲ್ಲು, ಅಂದರೆ ಫರಸಿ ಕಲ್ಲು, ಸುಣ್ಣಕಲ್ಲೇ. ಕಲಬುರಗಿ, ಯಾದಗಿರಿ ಜಿಲ್ಲೆಗಳ ಭೀಮಾ ಕಣಿವೆಯಲ್ಲಿಯೂ ಬಾಗಲಕೋಟೆಯ ಕೆಲವು ಭಾಗಗಳಲ್ಲಿಯೂ ಈ ಕಲ್ಲು ಇರುವುದರಿಂದಲೇ ಅಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದವು. ಬೇಲಂನಂಥ ದೊಡ್ಡ ಗುಹೆಗಳನ್ನು ಇಲ್ಲಿ ಹುಡುಕಬೇಡಿ. ಪದರಗಳ ನಡುವಿನ ಸಂದು, ನೆಟ್ಟನೆಯ ಸೀಳು, ಅಲ್ಲಲ್ಲಿ ಪೊಟರೆ, ಇವೇ ನಮ್ಮಲ್ಲಿ ನೀರಿನ ದಾರಿಗಳು. ಆದರೆ ರೋಗಾಣುವಿಗೆ ಗುಹೆ ಬೇಕಿಲ್ಲ, ಸೀಳು ಸಾಕು.

ಮರಳು ಮಣ್ಣಿನ ನೆಲದಲ್ಲಿ ನೀರು ದಿನಕ್ಕೆ ಹೆಚ್ಚೆಂದರೆ ಕೆಲವು ಮೀಟರ್ ಸಾಗುತ್ತದೆ. ಆ ನಿಧಾನದಲ್ಲಿ ಕೊಳೆ ಸೋಸಿಹೋಗುತ್ತದೆ, ರೋಗಾಣುಗಳು ದಾರಿಯಲ್ಲೇ ಸಾಯುತ್ತವೆ. ಸುಣ್ಣಕಲ್ಲಿನ ಕೊಳವೆಗಳಲ್ಲಿ ನೀರು ದಿನಕ್ಕೆ ನೂರಾರು ಮೀಟರ್, ಕೆಲವೆಡೆ ಕಿಲೋಮೀಟರ್‌ಗಟ್ಟಲೆ ಓಡುತ್ತದೆ. 1877ರಲ್ಲಿ ಜರ್ಮನಿಯಲ್ಲಿ ಡಾನ್ಯೂಬ್ ನದಿ ನೆಲದೊಳಗೆ ಇಂಗಿಹೋಗುವ ಜಾಗದಲ್ಲಿ ಹಸಿರು ಬಣ್ಣವನ್ನೂ ಉಪ್ಪನ್ನೂ ಸುರಿದು ನೋಡಿದರು. ಸುಮಾರು 60 ಗಂಟೆಗಳಲ್ಲಿ, ಹನ್ನೆರಡು ಕಿಲೋಮೀಟರ್ ದೂರದ ಆಖ್ ಎಂಬ ಸೆಲೆಯಲ್ಲಿ ನೀರು ಹಸಿರಾಗಿ, ಉಪ್ಪಾಗಿ ಹೊರಬಂತು. ಆ ಬಣ್ಣದ ಜಾಗದಲ್ಲಿ ಒಂದು ತಿಪ್ಪೆಯ ನೀರನ್ನು ಊಹಿಸಿಕೊಳ್ಳಿ.

ಅದೂ ನಡೆದಿದೆ. 2000ದ ಮೇ ತಿಂಗಳಲ್ಲಿ ಕೆನಡಾದ ವಾಕರ್ಟನ್ ಎಂಬ ಪುಟ್ಟ ಪಟ್ಟಣದಲ್ಲಿ ಜೋರು ಮಳೆಯ ನಂತರ ಹೊಲಕ್ಕೆ ಹಾಕಿದ್ದ ದನದ ಗೊಬ್ಬರದ ರೋಗಾಣುಗಳು, ಸೀಳುಬಿಟ್ಟ ಸುಣ್ಣದ ಜಾತಿಯ ಶಿಲೆಯ ಮೂಲಕ ಊರಿನ ನೀರಿನ ಬಾವಿಗೆ ಇಳಿದವು. ಕ್ಲೋರಿನ್ ಬೆರೆಸುವುದರಲ್ಲೂ ತಪ್ಪಾಗಿತ್ತು. 7 ಜನ ತೀರಿಕೊಂಡರು, ಎರಡು ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಗೊಬ್ಬರ ಹಾಕಿದ ರೈತ ನಿಯಮ ಮೀರಿರಲಿಲ್ಲ.

ಬೇಕಾಗುವ ಸಾಮಾನುಗಳು

ಒಂದು ನೋಟ್‌ಬುಕ್, ಒಂದು ಪಾರದರ್ಶಕ ಗಾಜಿನ ಲೋಟ, ಪೆನ್ನಿನಂಥ ಟಿಡಿಎಸ್ ಮೀಟರ್, ಎಚ್‌ಟುಎಸ್ ಸೀಸೆಗಳು (ಮಲದ ಕಲ್ಮಶವಿದ್ದರೆ ಕಪ್ಪಾಗುವ ಪುಟ್ಟ ಸೀಸೆ), ಕ್ಲೋರಿನ್ ಅಳೆಯುವ ಕ್ಲೋರೋಸ್ಕೋಪ್, ಒಂದು ಲೀಟರಿನ ಎರಡು ಶುಚಿಯಾದ ಪ್ಲಾಸ್ಟಿಕ್ ಬಾಟಲಿ, ಐಸ್ ತುಂಬಿದ ಡಬ್ಬಿ, ಅಳತೆ ಟೇಪು, ಹಗ್ಗ. ಎಲ್ಲವನ್ನೂ ಕೊಳ್ಳಬೇಕಿಲ್ಲ. ಜಲ ಜೀವನ್ ಮಿಷನ್ ಅಡಿಯಲ್ಲಿ ಗ್ರಾಮಗಳಿಗೆ ಪರೀಕ್ಷಾ ಕಿಟ್ ಕೊಟ್ಟು ಪ್ರತಿ ಗ್ರಾಮದಲ್ಲಿ ಐದು ಮಹಿಳೆಯರಿಗೆ ತರಬೇತಿ ನೀಡುವ ವ್ಯವಸ್ಥೆ ಇದೆ. ಮೊದಲು ಗ್ರಾಮ ಪಂಚಾಯಿತಿಯಲ್ಲಿ ಕಿಟ್ ಎಲ್ಲಿದೆ, ಯಾರ ಬಳಿ ಇದೆ ಎಂದು ಕೇಳಿ. ಬೀರುವಿನಲ್ಲಿ ಬೀಗ ಹಾಕಿಟ್ಟ ಕಿಟ್ ಆಗಿದ್ದರೆ ಅದರ ಅವಧಿ ಮುಗಿದ ದಿನಾಂಕವನ್ನೂ ನೋಡಿ.

ಹಂತ 1: ನಿಮ್ಮ ನೆಲ ಸುಣ್ಣಕಲ್ಲಿನದೇ ಎಂದು ಖಚಿತಪಡಿಸಿಕೊಳ್ಳಿ

ಬಾವಿ ತೋಡಿದಾಗ ಅಥವಾ ಬೋರ್ ಕೊರೆದಾಗ ಮೇಲೆ ಬಂದ ಕಲ್ಲಿನ ಚೂರನ್ನು ಕುಟ್ಟಿ ಪುಡಿಮಾಡಿ, ಅದರ ಮೇಲೆ ವಿನೆಗರ್ ಹನಿಸಿ. ಗುಳ್ಳೆ ಎದ್ದರೆ ಅದರಲ್ಲಿ ಸುಣ್ಣವಿದೆ. ಪುಡಿ ಮಾಡದೆ ಹನಿಸಬೇಡಿ: ಡಾಲಮೈಟ್ (ಮೆಗ್ನೀಸಿಯಂ ಸೇರಿದ ಸುಣ್ಣಕಲ್ಲು) ಗಟ್ಟಿಯಾಗಿದ್ದಾಗ ಗುಳ್ಳೆ ತೋರಿಸುವುದು ಕಡಿಮೆ.

ಕೊರೆದವರನ್ನು ಒಂದು ಪ್ರಶ್ನೆ ಕೇಳಿ: ಕೊರೆಯುವಾಗ ಬಿಟ್ (ಕಲ್ಲು ಕೊರೆಯುವ ಮೊನೆ) ಎಲ್ಲಾದರೂ ಗಕ್ಕನೆ ಕೆಳಗೆ ಜಾರಿತೇ? ಜಾರಿದ್ದರೆ ಅಲ್ಲಿ ಪೊಟರೆ ಇದೆ, ನಿಮ್ಮ ನೀರು ಬರುತ್ತಿರುವುದು ತೆರೆದ ದಾರಿಯಿಂದ. ಅಡುಗೆಮನೆಯೂ ಸುಳಿವು ಕೊಡುತ್ತದೆ. ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ, ಸಾಬೂನು ನೊರೆ ಬಿಡುವುದಿಲ್ಲ, ತೊಗರಿಬೇಳೆ ಎಷ್ಟು ಕುದಿಸಿದರೂ ಕರಗುವುದಿಲ್ಲ. ನೀರಿನ ಕ್ಯಾಲ್ಸಿಯಂ ಬೇಳೆಯ ಪೆಕ್ಟಿನ್ ಎಂಬ ಅಂಟಿನ ಜೊತೆ ಸೇರಿ ಅದನ್ನು ಬಿಗಿ ಮಾಡುತ್ತದೆ. ತೊಗರಿಯ ನಾಡಿನಲ್ಲಿಯೇ ಬೇಳೆ ಬೇಯದಿರುವುದಕ್ಕೆ ಬೇಳೆಯನ್ನು ದೂರಬೇಡಿ.

ಹಂತ 2: ನೀರು ಬರುವ ದಿಕ್ಕಿನಲ್ಲಿ ನಡೆದು ನೋಡಿ

ಸೆಲೆ ಅಥವಾ ಬಾವಿಯಿಂದ ಏರಿನ ಕಡೆಗೆ ಕನಿಷ್ಠ ಅರ್ಧ ಕಿಲೋಮೀಟರ್ ನಡೆಯಿರಿ. ಕಂಡದ್ದನ್ನೆಲ್ಲ ನೋಟ್‌ಬುಕ್‌ನಲ್ಲಿ ಗುರುತು ಹಾಕಿಕೊಳ್ಳಿ: ತಿಪ್ಪೆ, ದನದ ಕೊಟ್ಟಿಗೆ, ಶೌಚಾಲಯದ ಗುಂಡಿ, ಗಟಾರ ಕೊನೆಯಾಗುವ ಜಾಗ, ಗೊಬ್ಬರ ಹಾಕುವ ಹೊಲ. ಮಳೆನೀರು ಹರಿದುಬಂದು ಇದ್ದಕ್ಕಿದ್ದಂತೆ ಮಾಯವಾಗುವ ತಗ್ಗು ಕಂಡರೆ ಅದಕ್ಕೆ ಎರಡು ಗೆರೆ ಎಳೆಯಿರಿ. ಅದು ನಿಮ್ಮ ಬಾವಿಯ ಬಾಯಿ ಎಂದೇ ತಿಳಿಯಿರಿ.

ನಮ್ಮ ಭಾಗದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕ ಹುಟ್ಟಿಸುವುದು ಕೆಲಸ ನಿಂತ ಕಲ್ಲಿನ ಖಣಿಗಳು. ಫರಸಿ ತೆಗೆದು ಬಿಟ್ಟ ಗುಂಡಿಯಲ್ಲಿ ಮೇಲ್ಮಣ್ಣು ಇರುವುದಿಲ್ಲ, ಸೀಳುಗಳು ಬತ್ತಲೆಯಾಗಿ ತೆರೆದಿರುತ್ತವೆ. ಅಲ್ಲಿಗೆ ಕಸ, ಸತ್ತ ಪ್ರಾಣಿ, ಹಳೆಯ ಎಣ್ಣೆ ತಂದು ಹಾಕಿದರೆ ಅದನ್ನು ನೇರವಾಗಿ ಕುಡಿಯುವ ನೀರಿಗೆ ಹಾಕಿದಂತೆ. ಊರಿನ ಕಸಕ್ಕೆ ಖಣಿ ಗುಂಡಿಯನ್ನೇ ಜಾಗವೆಂದು ತೋರಿಸುವ ಮಾತು ಗ್ರಾಮಸಭೆಯಲ್ಲಿ ಬಂದರೆ ದಯವಿಟ್ಟು ಎದ್ದು ನಿಂತು ವಿರೋಧಿಸಿ.

ಕಪ್ಪು ಮಣ್ಣು ಮೇಲೆ ಇದೆಯಲ್ಲ, ಅದು ಸೋಸುತ್ತದೆ ಎಂಬ ನಂಬಿಕೆ ಹಲವರಲ್ಲಿದೆ. ಒದ್ದೆಯಾಗಿ ಉಬ್ಬಿದ ಎರೆಮಣ್ಣು ನಿಜಕ್ಕೂ ನೀರನ್ನು ತಡೆಯುತ್ತದೆ. ಆದರೆ ಬೇಸಿಗೆಯಲ್ಲಿ ಅದೇ ಮಣ್ಣು ಕೈ ತೂರುವಷ್ಟು ಬಾಯಿ ಬಿಡುತ್ತದೆ. ಮೊದಲ ಮಳೆ ಆ ಬಿರುಕುಗಳಲ್ಲಿ ಸೋಸದೆ ಇಳಿಯುತ್ತದೆ, ಬೇಸಿಗೆಯಿಡೀ ನೆಲದ ಮೇಲೆ ಕೂಡಿದ ಕೊಳೆಯನ್ನೂ ಜೊತೆಗೆ ಒಯ್ಯುತ್ತದೆ.

ಹಂತ 3: ಮಳೆಯ ಲೆಕ್ಕ ಇಡಿ

ಇದು ಎಲ್ಲಕ್ಕಿಂತ ಅಗ್ಗದ ಪರೀಕ್ಷೆ. ಜನ ಹೆಚ್ಚಾಗಿ ಬಿಟ್ಟುಬಿಡುವುದೂ ಇದನ್ನೇ. ಮೇ ತಿಂಗಳಿಂದ ವಾರಕ್ಕೊಮ್ಮೆ, ಜೋರು ಮಳೆ ಬಂದಾಗ ಸತತ ಐದು ದಿನ ಬೆಳಗ್ಗೆ, ನಾಲ್ಕು ಸಂಗತಿ ಬರೆಯಿರಿ: ಮಳೆ ಬಂದ ದಿನ, ಬಾವಿಯ ನೀರಿನ ಮಟ್ಟ, ಗಾಜಿನ ಲೋಟದಲ್ಲಿ ನೀರು ಕಂಡ ರೀತಿ, ಟಿಡಿಎಸ್.

ಈಗ ಓದುವ ಕ್ರಮ. ಜೋರು ಮಳೆಯ ಮರುದಿನವೋ ಮೂರನೆಯ ದಿನವೋ ಟಿಡಿಎಸ್ 700ರಿಂದ 450ಕ್ಕೆ ಇಳಿಯಿತು ಎಂದುಕೊಳ್ಳಿ. ಬಹಳ ಮಂದಿ ಇದನ್ನು ಕಂಡು "ಮಳೆ ಬಂದು ನೀರು ಸಿಹಿಯಾಯಿತು" ಎಂದು ಸಂತೋಷಪಡುತ್ತಾರೆ. ಸುಣ್ಣಕಲ್ಲಿನ ನೆಲದಲ್ಲಿ ಇದು ಅಪಾಯದ ಗಂಟೆ. ಕಲ್ಲಿನಲ್ಲಿ ತಿಂಗಳುಗಟ್ಟಲೆ ಇದ್ದ ನೀರಿನಲ್ಲಿ ಲವಣ ಹೆಚ್ಚಿರುತ್ತದೆ. ಅದು ತಟ್ಟನೆ ತೆಳುವಾಯಿತೆಂದರೆ ಮೊನ್ನೆಯ ಮಳೆ, ಕಲ್ಲನ್ನು ಕರಗಿಸಲೂ ಪುರುಸೊತ್ತಿಲ್ಲದೆ ಬಾವಿಗೆ ಬಂದು ಸೇರಿದೆ ಎಂದರ್ಥ. ಕಲ್ಲನ್ನು ಕರಗಿಸಲು ಸಮಯ ಸಿಗದ ನೀರಿಗೆ ಕೊಳೆಯನ್ನು ಕಳೆದುಕೊಳ್ಳಲು ಸಮಯ ಎಲ್ಲಿಂದ ಸಿಗಬೇಕು?

ಮಳೆಗೂ ಈ ಇಳಿತಕ್ಕೂ ನಡುವಿನ ಅಂತರವೇ ನಿಮ್ಮ ಬಾವಿಯ ಗುಟ್ಟು. ಒಂದೇ ದಿನವಾದರೆ ದಾರಿ ಬಹಳ ತೆರೆದಿದೆ. ವಾರಗಳಾದರೂ ಟಿಡಿಎಸ್ ಅಲುಗದಿದ್ದರೆ, ನೀರು ಕಲಕದಿದ್ದರೆ, ನಿಮ್ಮದು ನಿಧಾನದ ನೀರು, ಸ್ವಲ್ಪ ಧೈರ್ಯ ತಾಳಬಹುದು. ಅಂತರ ತಿಳಿಯುವ ಆಸೆಯಿಂದ ತಗ್ಗುಗಳಿಗೆ ಬಣ್ಣ, ಸೀಮೆಎಣ್ಣೆ, ಏನನ್ನೂ ಸುರಿಯಬೇಡಿ. ಬಣ್ಣದ ಪರೀಕ್ಷೆ ತಜ್ಞರ ಕೆಲಸ. ನೀವು ಸುರಿದದ್ದು ಯಾರ ಮನೆಯ ನಲ್ಲಿಯಲ್ಲಿ ಹೊರಬರುತ್ತದೆ ಎಂದು ಮೊದಲೇ ಹೇಳಲಾಗದು.

ಹಂತ 4: ಸರಿಯಾದ ದಿನ, ಸರಿಯಾಗಿ ಮಾದರಿ ತೆಗೆಯಿರಿ

ವರ್ಷಕ್ಕೆ ಒಂದೇ ಪರೀಕ್ಷೆಗೆ ಅವಕಾಶವಿದ್ದರೆ ಅದನ್ನು ಬೇಸಿಗೆಯಲ್ಲಿ ವ್ಯರ್ಥ ಮಾಡಬೇಡಿ. ಮುಂಗಾರಿನ ಮೊದಲ ದೊಡ್ಡ ಮಳೆಯ ನಂತರ, ಹಂತ 3ರಲ್ಲಿ ಟಿಡಿಎಸ್ ಇಳಿದ ದಿನ ಅಥವಾ ನೀರು ಕಲಕಿದ ದಿನ ತೆಗೆಯಿರಿ. ಎರಡು ಪರೀಕ್ಷೆ ಸಾಧ್ಯವಾದರೆ ಇನ್ನೊಂದನ್ನು ಏಪ್ರಿಲ್‌ನಲ್ಲಿ ಮಾಡಿಸಿ. ಮಳೆಯ ಪರೀಕ್ಷೆ ರೋಗಾಣುವನ್ನು ಹಿಡಿಯುತ್ತದೆ, ಬೇಸಿಗೆಯದು ಲವಣಗಳ ಗರಿಷ್ಠ ಮಟ್ಟವನ್ನು ಹೇಳುತ್ತದೆ.

ಜಿಲ್ಲಾ ಮಟ್ಟದಲ್ಲಿ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಗಳಿವೆ. ಹೋಗುವ ಮುನ್ನ ವಿಚಾರಿಸಿ: ಯಾವ ದಿನ ರೋಗಾಣು ಮಾದರಿ ತೆಗೆದುಕೊಳ್ಳುತ್ತಾರೆ, ಬಾಟಲಿ ಅವರೇ ಕೊಡುತ್ತಾರೆಯೇ. ಶನಿವಾರ ಮಧ್ಯಾಹ್ನ ಮಾದರಿ ಒಯ್ದು ಸೋಮವಾರದವರೆಗೆ ಅದು ಮೇಜಿನ ಮೇಲೆ ಉಳಿದರೆ ಪರೀಕ್ಷೆಗೆ ಅರ್ಥವಿರುವುದಿಲ್ಲ.

ರಾಸಾಯನಿಕ ಪರೀಕ್ಷೆಗೆ: ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು, ಅಂಚಿನವರೆಗೂ ತುಂಬಿ ಮುಚ್ಚಿ. ಸಾಬೂನು ಹಾಕಬೇಡಿ. ತಂಪು ಪಾನೀಯದ ಬಾಟಲಿ ಬೇಡ.

ರೋಗಾಣು ಪರೀಕ್ಷೆಗೆ ಕ್ರಮ ಪೂರ್ತಿ ಬೇರೆ. ಪ್ರಯೋಗಾಲಯ ಕೊಟ್ಟ ಶುದ್ಧೀಕರಿಸಿದ ಬಾಟಲಿಯನ್ನೇ ಬಳಸಿ. ಅದನ್ನು ತೊಳೆಯಬಾರದು, ಒಳಗಿರುವ ಬಿಳಿ ಪುಡಿಯನ್ನು ಚೆಲ್ಲಬಾರದು. ನೀರಿನಲ್ಲಿ ಕ್ಲೋರಿನ್ ಉಳಿದಿದ್ದರೆ ಅದನ್ನು ತಟಸ್ಥ ಮಾಡಲು ಹಾಕಿದ ಪುಡಿ ಅದು. ಬೋರ್ ಆದರೆ ನೀರನ್ನು ಎರಡು ಮೂರು ನಿಮಿಷ ಹರಿಯಬಿಟ್ಟು, ಲೋಹದ ನಲ್ಲಿಯ ಬಾಯನ್ನು ಬೆಂಕಿಯಿಂದ ಕಾಯಿಸಿ, ಮತ್ತೆ ಹರಿಯಬಿಟ್ಟು ಹಿಡಿಯಿರಿ. ಸೆಲೆಯಾದರೆ ನೀರು ಕಲ್ಲಿನಿಂದ ಹೊರಬೀಳುವ ಬಾಯಲ್ಲೇ ಹಿಡಿಯಿರಿ. ಜನ ಕಾಲಿಳಿಸುವ ಹೊಂಡದಿಂದ ತೆಗೆದರೆ ಹೊಂಡದ ಕೊಳೆ ಗೊತ್ತಾಗುತ್ತದೆಯೇ ಹೊರತು ಸೆಲೆಯದಲ್ಲ. ಮುಚ್ಚಳದ ಒಳಭಾಗವನ್ನು ಮುಟ್ಟಬೇಡಿ, ಮೇಲೆ ಸ್ವಲ್ಪ ಗಾಳಿ ಉಳಿಯಲಿ. ಐಸ್ ಡಬ್ಬಿಯಲ್ಲಿಟ್ಟು ಆರು ಗಂಟೆಯೊಳಗೆ ತಲುಪಿಸಿ. ಎಷ್ಟೇ ತಡವಾದರೂ 24 ಗಂಟೆ ದಾಟಬಾರದು.

ಪ್ರಯೋಗಾಲಯ ದೂರವಾದವರಿಗೆ ಎಚ್‌ಟುಎಸ್ ಸೀಸೆ ಆಸರೆ. ಗುರುತಿನವರೆಗೆ ನೀರು ತುಂಬಿ, ಅಲುಗಾಡಿಸಿ, ಬೆಚ್ಚಗಿನ ಕೋಣೆಯಲ್ಲಿ 24ರಿಂದ 48 ಗಂಟೆ ಇಡಿ. ಕಪ್ಪಾದರೆ ಕುದಿಸದೆ ಕುಡಿಯಬೇಡಿ. ಕಪ್ಪಾಗದಿದ್ದರೆ ಅದೊಂದೇ ಸಲದ ಫಲಿತಾಂಶದ ಮೇಲೆ ಭರವಸೆ ಇಡಬೇಡಿ, ಮುಂದಿನ ಮಳೆಗೂ ಮಾಡಿ. ಕೊಳೆತ ಮೊಟ್ಟೆಯ ವಾಸನೆಯ ನೀರಾದರೆ ರೋಗಾಣು ಇಲ್ಲದೆಯೂ ಸೀಸೆ ಕಪ್ಪಾಗಬಹುದು. ಬಳಸಿದ ಸೀಸೆಯೊಳಗೆ ರೋಗಾಣುಗಳು ಬೆಳೆದಿರುತ್ತವೆ. ಬ್ಲೀಚಿಂಗ್ ಪೌಡರ್ ದ್ರಾವಣ ಹಾಕಿ ಸ್ವಲ್ಪ ಹೊತ್ತು ಬಿಟ್ಟು, ಬಾವಿಯಿಂದ ದೂರ ಚೆಲ್ಲಿ.

ಹಂತ 5: ವರದಿಯನ್ನು ಓದಿ

ವರದಿಯಲ್ಲಿ ಸಾಮಾನ್ಯವಾಗಿ ಎರಡು ಅಂಕಿಗಳಿರುತ್ತವೆ. ಮೊದಲನೆಯದು ಒಪ್ಪಿತ ಮಿತಿ, ಎರಡನೆಯದು ಬೇರೆ ನೀರಿನ ಮೂಲವೇ ಇಲ್ಲದಾಗ ಸಹಿಸಬಹುದಾದ ಮಿತಿ. ಕೆಳಗಿನವು ಭಾರತೀಯ ಮಾನಕ ಐಎಸ್ 10500ರ (2012) ಅಂಕಿಗಳು. ಮಿ.ಗ್ರಾಂ ಎಂದಲ್ಲೆಲ್ಲ ಒಂದು ಲೀಟರ್ ನೀರಿಗೆ ಎಂದು ಓದಿಕೊಳ್ಳಿ.

ಕಣ್ಣು ಮೊದಲು ಇ. ಕೋಲೈ ಸಾಲಿಗೆ ಹೋಗಲಿ. ಮನುಷ್ಯರ, ಪ್ರಾಣಿಗಳ ಕರುಳಿನಲ್ಲಿ ಇರುವ ಬ್ಯಾಕ್ಟೀರಿಯ ಅದು. 100 ಮಿಲಿಲೀಟರ್ ನೀರಿನಲ್ಲಿ ಒಂದೂ ಇರಬಾರದು. ಇದ್ದರೆ ಮಲ ನೀರಿಗೆ ಸೇರಿದೆ, ಚರ್ಚೆಗೆ ಎಡೆಯಿಲ್ಲ. ಈ ಒಂದು ಸಾಲು ಕೆಟ್ಟಿದ್ದರೆ ಉಳಿದ ಸಾಲುಗಳು ಎಷ್ಟು ಚೆನ್ನಾಗಿದ್ದರೂ ನೀರು ಹಾಗೆಯೇ ಕುಡಿಯಲು ಯೋಗ್ಯವಲ್ಲ.

ನಂತರ ನೈಟ್ರೇಟ್. ಮಿತಿ 45 ಮಿ.ಗ್ರಾಂ, ಇದಕ್ಕೆ ಸಡಿಲಿಕೆಯೇ ಇಲ್ಲ. ಗೊಬ್ಬರ, ಕೊಟ್ಟಿಗೆ, ಶೌಚಾಲಯದ ಗುಂಡಿ ಇದರ ಮೂಲಗಳು. ಹಾಲಿನ ಪುಡಿಯನ್ನು ಇಂಥ ನೀರಿನಲ್ಲಿ ಕಲಸಿ ಕುಡಿಸಿದರೆ ಎಳೆಯ ಕೂಸುಗಳ ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡು ಮೈ ನೀಲಿಗಟ್ಟಬಹುದು. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಹೆಚ್ಚುತ್ತದೆ. ನೈಟ್ರೇಟ್ ಜೊತೆ ಕ್ಲೋರೈಡ್ (ಮಿತಿ 250, ಅನಿವಾರ್ಯವಾದರೆ 1000) ಕೂಡ ಅಕ್ಕಪಕ್ಕದ ಬಾವಿಗಳಿಗಿಂತ ಏರಿದ್ದರೆ ಕೊಳಚೆ ನೀರನ್ನು ಶಂಕಿಸಿ, ಹಂತ 2ರ ನಕ್ಷೆಗೆ ಮರಳಿ.

ಕಲಕು: 1 ಎನ್‌ಟಿಯು, ಅನಿವಾರ್ಯವಾದರೆ 5. ಎನ್‌ಟಿಯು ಎಂದರೆ ನೀರಿನಲ್ಲಿ ತೇಲುವ ಕಣಗಳು ಬೆಳಕನ್ನು ಎಷ್ಟು ಚದುರಿಸುತ್ತವೆ ಎಂಬ ಅಳತೆ. ಈ ನೆಲದಲ್ಲಿ ಕಲಕು ಮತ್ತು ರೋಗಾಣು ಹೆಚ್ಚಾಗಿ ಜೊತೆಯಲ್ಲೇ ಬರುತ್ತವೆ.

ಗಡಸುತನ: 200, ಅನಿವಾರ್ಯವಾದರೆ 600 ಮಿ.ಗ್ರಾಂ. ನಮ್ಮ ಕಡೆ ಜನ ಹೆದರುವುದು ಇದೊಂದಕ್ಕೇ. ಆದರೆ ವಿಶ್ವ ಆರೋಗ್ಯ ಸಂಸ್ಥೆ ಗಡಸುತನಕ್ಕೆ ಆರೋಗ್ಯದ ಕಾರಣದಿಂದ ಯಾವ ಮಿತಿಯನ್ನೂ ಹಾಕಿಲ್ಲ. ಗಡಸು ನೀರು ಪಾತ್ರೆ, ಪೈಪು, ಗೀಸರ್‌ಗಳನ್ನು ಹಾಳುಮಾಡುತ್ತದೆ, ಬೇಳೆಯನ್ನು ಸತಾಯಿಸುತ್ತದೆ. ಮನೆಯವರನ್ನು ಆಸ್ಪತ್ರೆಗೆ ಕಳಿಸುವುದು ಇ. ಕೋಲೈ ಸಾಲು. ಗಡಸುತನಕ್ಕೆ ಸಾವಿರಾರು ರೂಪಾಯಿಯ ಯಂತ್ರ ತಂದು, ರೋಗಾಣು ಪರೀಕ್ಷೆಯನ್ನು ಒಮ್ಮೆಯೂ ಮಾಡಿಸದ ಮನೆಗಳನ್ನು ಕಂಡಾಗ ನನಗೆ ಬೇಸರವಾಗುತ್ತದೆ.

ಫ್ಲೋರೈಡ್: 1, ಅನಿವಾರ್ಯವಾದರೆ 1.5 ಮಿ.ಗ್ರಾಂ. ಕ್ಯಾಲ್ಸಿಯಂ ಹೆಚ್ಚಿರುವ ನೀರಿನಲ್ಲಿ ಫ್ಲೋರೈಡ್ ಹೆಚ್ಚು ಕರಗಿ ಉಳಿಯಲಾರದು, ಆದ್ದರಿಂದ ಸುಣ್ಣಕಲ್ಲಿನ ತೆರೆದ ಬಾವಿಗಳಿಗೆ ಇದು ಒಂದು ಅನುಕೂಲ. ಆದರೆ ಭೀಮಾ ಕಣಿವೆಯಲ್ಲಿ ಸುಣ್ಣಕಲ್ಲಿನ ಕೆಳಗೆ ಗ್ರಾನೈಟ್ ಜಾತಿಯ ಕಲ್ಲು ಇದೆ. ಆಳದ ಬೋರ್ ಅಲ್ಲಿಗೆ ಇಳಿದಿದ್ದರೆ ಆ ಅನುಕೂಲ ನಿಮಗಿಲ್ಲ, ಪರೀಕ್ಷೆ ಮಾಡಿಸಲೇಬೇಕು. ಯಾದಗಿರಿ ಜಿಲ್ಲೆಯ ಗೋಗಿ ಸುತ್ತಮುತ್ತ ಈ ಎರಡು ಕಲ್ಲುಗಳು ಸೇರುವ ಬಿರುಕಿನ ಬಳಿ ಯುರೇನಿಯಂ ಅದಿರು ಇದೆ. ಆ ಭಾಗದವರು ಯುರೇನಿಯಂ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ, ಅಂದರೆ 0.03 ಮಿ.ಗ್ರಾಂ.

ಟಿಡಿಎಸ್ 500, ಅನಿವಾರ್ಯವಾದರೆ 2000. ಈ ಸಾಲನ್ನು ಕೊನೆಗೆ ಇಟ್ಟಿದ್ದೇನೆ. ಟಿಡಿಎಸ್ ಮೀಟರಿಗೆ ರೋಗಾಣು ಕಾಣಿಸುವುದಿಲ್ಲ. ಗಟಾರದ ನೀರು ಬೆರೆತ ಮಳೆನೀರು ಕೂಡ ಅದರಲ್ಲಿ ಒಳ್ಳೆಯ ಅಂಕಿಯನ್ನೇ ತೋರಿಸಬಲ್ಲದು.

ಹಂತ 6: ಕುಡಿಯುವ ನೀರನ್ನು ಸರಿಪಡಿಸಿ

ಮೊದಲ ಮಳೆಯಿಂದ ಮಳೆಗಾಲ ಮುಗಿಯುವವರೆಗೆ ಕುಡಿಯುವ ನೀರನ್ನು ಕುದಿಸಿ. ಇದು ನನ್ನ ಖಚಿತವಾದ ಸಲಹೆ. ದೊಡ್ಡ ಗುಳ್ಳೆಗಳೆದ್ದು ಮರಳಿದ ಮೇಲೆ ಒಂದು ನಿಮಿಷ ಸಾಕು. ನೀರು ಕಲಕಿದ್ದರೆ ರಾತ್ರಿಯಿಡೀ ತಿಳಿಯಾಗಲು ಬಿಟ್ಟು, ಮಡಿಸಿದ ಹತ್ತಿಬಟ್ಟೆಯಲ್ಲಿ ಸೋಸಿ ಕುದಿಸಿ. ಮೇಲೆ ತೇಲುವ ಬಿಳಿ ಪೊರೆ ಸುಣ್ಣ, ವಿಷವಲ್ಲ. ಕುದಿಸಿದಾಗ ನೀರಿನ ತಾತ್ಕಾಲಿಕ ಗಡಸುತನ (ಬೈಕಾರ್ಬೊನೇಟ್ ರೂಪದಲ್ಲಿ ಕರಗಿದ ಸುಣ್ಣ) ಹೊರಬರುವ ರೀತಿ ಅದು. ತಣಿದ ಮೇಲೆ ಮೇಲಿನ ತಿಳಿಯನ್ನು ಬಗ್ಗಿಸಿಕೊಂಡು ಬೇಳೆ ಬೇಯಿಸಿ, ವ್ಯತ್ಯಾಸ ಕಾಣುತ್ತದೆ. ಕುದಿಸಿದ ನೀರಿಗೆ ಕೈ ಅದ್ದುವ ಲೋಟ ಬೇಡ, ಉದ್ದ ಹಿಡಿಯ ಸೌಟು ಅಥವಾ ನಲ್ಲಿಯಿರುವ ಪಾತ್ರೆ ಇರಲಿ.

ಕ್ಲೋರಿನ್ ಬಳಸುವವರಿಗೆ ಲೆಕ್ಕ ಹೀಗಿದೆ. ದುಂಡು ಬಾವಿಯಾದರೆ ವ್ಯಾಸವನ್ನು ಮೀಟರಿನಲ್ಲಿ ಅಳೆದು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 3.14ರಿಂದ ಗುಣಿಸಿ, 4ರಿಂದ ಭಾಗಿಸಿ, 1000ದಿಂದ ಗುಣಿಸಿ. ಬರುವುದು ಲೀಟರ್. 3 ಮೀಟರ್ ವ್ಯಾಸ, 4 ಮೀಟರ್ ನೀರಿನ ಬಾವಿಯಲ್ಲಿ ಸುಮಾರು 28,000 ಲೀಟರ್ ಇರುತ್ತದೆ. ಒಳ್ಳೆಯ ಬ್ಲೀಚಿಂಗ್ ಪೌಡರ್ 1000 ಲೀಟರಿಗೆ 2.5 ಗ್ರಾಂನಂತೆ 70 ಗ್ರಾಂ ಬೇಕು. ಬಕೆಟ್ಟಿನಲ್ಲಿ ಮೊದಲು ಪೇಸ್ಟಿನಂತೆ ಕಲಸಿ, ನೀರು ಹಾಕಿ, ಹತ್ತು ನಿಮಿಷ ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಬಾವಿಗೆ ಹಾಕಿ ಕಲಕಿ. ತಳದ ಗಸಿ ಸುಣ್ಣ, ಅದನ್ನು ಹಾಕಿದರೆ ಗಡಸುತನ ಹೆಚ್ಚುತ್ತದೆ. ಒಂದು ಗಂಟೆ ಕಳೆದು ಕ್ಲೋರೋಸ್ಕೋಪಿನಲ್ಲಿ ನೋಡಿ: 0.5 ಮಿ.ಗ್ರಾಂ ಉಳಿದಿರಬೇಕು. ಉಳಿದಿಲ್ಲವಾದರೆ ಕೊಳೆ ಹೆಚ್ಚಿದೆ ಅಥವಾ ಪುಡಿ ಹಳೆಯದಾಗಿದೆ. ಗಾಳಿ, ಬಿಸಿಲು ತಾಗಿದ ಪುಡಿ ಶಕ್ತಿ ಕಳೆದುಕೊಳ್ಳುತ್ತದೆ. ಹೊಸ ಪುಡಿಯಿಂದ ಮತ್ತೆ ಮಾಡಿ.

ಇಲ್ಲಿ ಒಂದು ಎಚ್ಚರಿಕೆ. ಬೇರೆ ನೆಲದ ಬಾವಿಗೆ ಹಾಕಿದ ಕ್ಲೋರಿನ್ ಸ್ವಲ್ಪ ಹೊತ್ತು ನಿಲ್ಲುತ್ತದೆ. ಸುಣ್ಣಕಲ್ಲಿನ ಬಾವಿಯಲ್ಲಿ ನೀರು ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೊರಡುತ್ತಿರುತ್ತದೆ, ರಾತ್ರಿ ಹಾಕಿದ ಔಷಧ ಬೆಳಗಾಗುವಷ್ಟರಲ್ಲಿ ಹರಿದುಹೋಗಿರಬಹುದು. ಆದ್ದರಿಂದ ಬಾವಿಗೆ ಹಾಕುವುದಕ್ಕಿಂತ ನೀರನ್ನು ತೊಟ್ಟಿಗೆ ಏರಿಸಿ, ತೊಟ್ಟಿಯಲ್ಲಿ ಕ್ಲೋರಿನ್ ಬೆರೆಸಿ, ಒಂದು ಗಂಟೆ ನಿಲ್ಲಿಸಿ, ನಂತರ ಬಿಡುವುದು ಮೇಲು. 1000 ಲೀಟರಿನ ತೊಟ್ಟಿಗೆ ಬೇಕಾದ ಎರಡೂವರೆ ಗ್ರಾಂ ಪುಡಿಯನ್ನು ಅಂದಾಜಿನಲ್ಲಿ ಹಾಕಬೇಡಿ, ಚಿಕ್ಕ ಡಿಜಿಟಲ್ ತಕ್ಕಡಿಯಲ್ಲಿ ತೂಗಿ.

ಯಂತ್ರಗಳ ಬಗ್ಗೆ ಚುಟುಕಾಗಿ: ಯುವಿ (ಅತಿನೇರಳೆ ಬೆಳಕು) ರೋಗಾಣುವನ್ನು ಕೊಲ್ಲುತ್ತದೆ, ಆದರೆ ಕಲಕಿದ ನೀರಿನಲ್ಲಿ ಕಣಗಳ ನೆರಳಿನಲ್ಲಿ ರೋಗಾಣುಗಳು ಉಳಿಯುತ್ತವೆ. ನೈಟ್ರೇಟ್, ಫ್ಲೋರೈಡ್ ಇದ್ದರೆ ಆರ್‌ಒ (ತೆಳು ಪೊರೆಯ ಮೂಲಕ ನೀರನ್ನು ಸೋಸುವ ಯಂತ್ರ) ಬೇಕಾಗುತ್ತದೆ. ಗಡಸು ನೀರಿನಲ್ಲಿ ಅದರ ಪೊರೆ ಬೇಗ ಕಟ್ಟಿಕೊಳ್ಳುತ್ತದೆ, ಬಹಳಷ್ಟು ನೀರು ವ್ಯರ್ಥವಾಗಿ ಹೊರಹೋಗುತ್ತದೆ. ಸಾಫ್ಟ್‌ನರ್ ಕ್ಯಾಲ್ಸಿಯಂ ತೆಗೆದು ಸೋಡಿಯಂ ಬಿಡುತ್ತದೆ, ಉಪ್ಪು ಕಡಿಮೆ ಮಾಡಲು ವೈದ್ಯರು ಹೇಳಿದವರು ಆ ನೀರನ್ನು ಕುಡಿಯದೆ ಸ್ನಾನಕ್ಕೆ, ಬಟ್ಟೆಗೆ ಬಳಸಲಿ. ಯಾವುದನ್ನು ಕೊಳ್ಳುವುದಾದರೂ ವರದಿ ಕೈಗೆ ಬಂದ ಮೇಲೆ ಕೊಳ್ಳಿ.

ಹಂತ 7: ಮೂಲವನ್ನು ಕಾಪಾಡಿ

ಬಾವಿಗೆ ಎತ್ತರದ ಕಟ್ಟೆ, ಸುತ್ತ ಸಿಮೆಂಟ್ ನೆಲ, ಚೆಲ್ಲಿದ ನೀರು ದೂರ ಹೋಗಲು ಕಾಲುವೆ, ಮೇಲೆ ಮುಚ್ಚಳ ಇರಲಿ. ಹೊಸ ಬೋರ್ ಕೊರೆಸುವಾಗ ಕೇಸಿಂಗ್ ಪೈಪನ್ನು ಸಡಿಲ ಮಣ್ಣಿನವರೆಗೆ ಮಾತ್ರ ಇಳಿಸಿ ಉಳಿಸುವ ಹಣ ಉಳಿತಾಯವಲ್ಲ. ಮೇಲಿನ ಸೀಳುಬಿಟ್ಟ ಪದರ ದಾಟಿ ಗಟ್ಟಿ ಕಲ್ಲಿಗೆ ಕೂರುವವರೆಗೆ ಇಳಿಸಿ, ಪೈಪಿನ ಸುತ್ತಲಿನ ಸಂದಿಗೆ ಸಿಮೆಂಟ್ ತುಂಬಿಸಿ.

ಶೌಚಾಲಯದ ಗುಂಡಿ ಬಾವಿಯಿಂದ ಹತ್ತು ಮೀಟರ್ ದೂರವಿದ್ದರೆ ಸಾಕು ಎಂದು ಯಾರಾದರೂ ಹೇಳಿದರೆ, ಆ ಅಳತೆ ಮಣ್ಣಿನ ನೆಲಕ್ಕೆ ಎಂದು ಅವರಿಗೆ ನೆನಪಿಸಿ. ಸೀಳುಗಲ್ಲಿನಲ್ಲಿ ನೂರು ಮೀಟರ್ ದೂರವೂ ಖಾತರಿಯಲ್ಲ. ಗುಂಡಿಯ ತಳವನ್ನು ಮುಚ್ಚಿ, ಸುತ್ತಲೂ ಅರ್ಧ ಮೀಟರ್ ದಪ್ಪ ಸಣ್ಣ ಮರಳಿನ ಹೊದಿಕೆ ಕೊಡುವ ವಿಧಾನವಿದೆ. ಕಟ್ಟುವ ಮುಂಚೆಯೇ ಪಂಚಾಯಿತಿಯ ಎಂಜಿನಿಯರನ್ನು ಕರೆದು ಕಲ್ಲನ್ನು ತೋರಿಸಿ, ಬಾವಿಯ ಏರಿನ ಕಡೆಗೆ ಮಾತ್ರ ಗುಂಡಿ ಬೇಡ.

ಕೊನೆಯದಾಗಿ, ಬತ್ತಿದ ಬೋರ್‌ವೆಲ್ಲಿಗೆ ಹೊಲದ ಮಳೆನೀರನ್ನು ನೇರವಾಗಿ ತಿರುಗಿಸುವುದು. ಒಳ್ಳೆಯ ಮನಸ್ಸಿನಿಂದ, ಅಂತರ್ಜಲ ಹೆಚ್ಚಲಿ ಎಂದು ಮಾಡುವ ಈ ಕೆಲಸವೇ ಸುಣ್ಣಕಲ್ಲಿನ ನೆಲದಲ್ಲಿ ಇಡೀ ಓಣಿಯ ನೀರನ್ನು ಕೆಡಿಸಬಲ್ಲದು. ಹೊಲದ ನೀರಿನಲ್ಲಿ ಗೊಬ್ಬರವಿದೆ, ಕೀಟನಾಶಕವಿದೆ, ಸಗಣಿ ಇದೆ. ಬೋರ್ ಕೊಳವೆ ಅದನ್ನು ಮಣ್ಣಿನ ಸೋಸುವಿಕೆಯಿಂದ ತಪ್ಪಿಸಿ ನೇರ ಸೀಳುಗಳಿಗೆ ಮುಟ್ಟಿಸುತ್ತದೆ. ಬೋರಿಗೆ ಬಿಡುವುದಿದ್ದರೆ ಶುಚಿಯಾದ ಚಾವಣಿಯ ನೀರು ಮಾತ್ರ, ಅದೂ ಮೊದಲ ಮಳೆಗಳ ನೀರನ್ನು ಹೊರಗೆ ಬಿಟ್ಟು, ಮರಳು ಜಲ್ಲಿಯ ಸೋಸು ತೊಟ್ಟಿಯ ಮೂಲಕ. ಹೊಲದ ನೀರಿಗೆ ಬದು, ಕೃಷಿಹೊಂಡ ಇವೆ, ಅಲ್ಲಿಂದ ಅದು ಮಣ್ಣಿನ ಮೂಲಕ ನಿಧಾನವಾಗಿ ಇಳಿಯಲಿ. ಈಗಾಗಲೇ ಹಾಗೆ ತಿರುಗಿಸಿದ್ದರೆ ಮುಂದಿನ ಮಳೆಗೆ ಮುಂಚೆ ಆ ಕಾಲುವೆಯನ್ನು ಮುಚ್ಚಿ, ಅಕ್ಕಪಕ್ಕದ ಮನೆಯವರಿಗೂ ತಿಳಿಸಿ, ಅವರ ಬಾವಿಗಳ ನೀರನ್ನೂ ನಿಮ್ಮ ಮಾದರಿಯ ಜೊತೆಗೇ ಪರೀಕ್ಷೆಗೆ ಒಯ್ಯಿರಿ.